ಹತ್ತು ಮೂಟೆ ಆಲೂಗಡ್ಡೆಯ ಪರೀಕ್ಷೆ

ನಮ್ಮ ಅತ್ತೆಮನೆಯಲ್ಲಿ ಯಾವ ಎತ್ತನ್ನೂ ಖಾಲಿ ಗಾಡಿಗೆ ಕಟ್ಟಿ ನೋಡುವ ಪದ್ಧತಿ ಇರಲಿಲ್ಲ. ಸಂತೆಯಿಂದ ಹೊಸ ಜೋಡಿ ಬಂದರೆ ಮೊದಲ ದಿನವೇ ಗೊಬ್ಬರ ತುಂಬಿದ ಗಾಡಿಗೆ ಹೂಡಿ, ಹಳ್ಳಕ್ಕೆ ಇಳಿಸಿ, ದಿಬ್ಬ ಹತ್ತಿಸುತ್ತಿದ್ದರು. ಹತ್ತಿದರೆ ಕೊಟ್ಟಿಗೆಗೆ, ಇಲ್ಲವಾದರೆ ವಾಪಸ್ಸು. ಗಾಡಿಯ ಚಕ್ರ, ಹಗ್ಗ, ಆಮೇಲೆ ಬಂದ ಟ್ರಾಕ್ಟರಿನ ಟ್ರೈಲರ್, ಎಲ್ಲಕ್ಕೂ ಇದೇ ಎಂಟ್ರೆನ್ಸ್ ಎಕ್ಸಾಮ್. ನಾನು ಮದುವೆಯಾಗಿ ಬಂದ ವಾರದಲ್ಲೇ ಕೊಯ್ಲಿನ ಆಳುಗಳಿಗೆ, ಇಪ್ಪತ್ತು ಜನಕ್ಕೆ, ಮುದ್ದೆ ಕಟ್ಟಲು ಹೇಳಿದ್ದರು. ಹಾಸನದ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದ ನನಗೆ ಕ್ರಾಸ್ ಸ್ಟಿಚ್ ಬರುತ್ತಿತ್ತು, ಮುದ್ದೆ ಬರುತ್ತಿರಲಿಲ್ಲ. ಒಳಗೆಲ್ಲ ಹಿಟ್ಟಿನ ಗಂಟು. ಆದರೂ ನನ್ನನ್ನು ವಾಪಸ್ಸು ಕಳಿಸಲಿಲ್ಲ, ಅದು ಅವರ ದೊಡ್ಡತನ.

ಈ ಪದ್ಧತಿಯನ್ನು ಮೊದಲೇ ಹೇಳಿದ್ದೇಕೆಂದರೆ, ನಾವು ಜೀಪು ಕೊಂಡಾಗಲೂ ಹೀಗೇ ಮಾಡಿದೆವು.

ಮನೆ ಇದ್ದದ್ದು ಅರಕಲಗೂಡು ತಾಲ್ಲೂಕಿನಲ್ಲಿ, ಮಲ್ಲಿಪಟ್ಟಣದಿಂದ ಆಚೆಗೆ, ಟಾರ್ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ, ಹೊಲದ ನಡುವೆ. ದಾರಿಯಲ್ಲಿ ಒಂದು ಹಳ್ಳ. ಅದಕ್ಕೆ ಸೇತುವೆ ಇರಲಿಲ್ಲ. ಬೇಸಿಗೆಯಲ್ಲಿ ಮರಳು, ಮಿಕ್ಕ ಕಾಲದಲ್ಲಿ ಮೊಣಕಾಲುದ್ದ ನೀರು. ಹಳ್ಳ ದಾಟಿ ಮನೆಯ ಕಡೆಗೆ ಬರಬೇಕಾದರೆ ಕಡಿದಾದ ದಿಬ್ಬ. ಟ್ಯಾಕ್ಸಿಯವರು ಆಚೆ ದಡಕ್ಕೇ ಬಂದು ಹಾರ್ನ್ ಹೊಡೆಯುತ್ತಿದ್ದರು. ನಾವು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನೀರಿಗಿಳಿದು ಹೋಗುತ್ತಿದ್ದೆವು.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷಗಳಲ್ಲಿ ಅತ್ತೆಗೆ ಎಪ್ಪತ್ತು ದಾಟಿತ್ತು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಹಾಸನದಲ್ಲಿ ರಾಡ್ ಹಾಕಿಸಿಕೊಂಡು ಬಂದ ಮೇಲೆ ಅವರು ಮೂರು ವರ್ಷ ಅಂಗಳ ದಾಟಿರಲಿಲ್ಲ. ಕೋಲೂರಿಕೊಂಡು ಮನೆಯೊಳಗೆ ಓಡಾಡುತ್ತಿದ್ದರು, ಎಲ್ಲರಿಗೂ ಕೆಲಸ ಹೇಳುತ್ತಿದ್ದರು, ಬೈಯುತ್ತಿದ್ದರು. ಆದರೆ ಎತ್ತಿನಗಾಡಿಯೋ ಟ್ರಾಕ್ಟರೋ ಒಂದು ಸಲ ಎತ್ತಿ ಹಾಕಿದರೆ ಸಾಕು, ಆ ರಾಡ್ ಇದ್ದ ಜಾಗದಲ್ಲಿ ಅವರಿಗೆ ಉಸಿರೇ ನಿಂತುಹೋಗುವಂಥ ನೋವು.

ಅವರಿಗೆ ಉಳಿದಿದ್ದ ಒಡಹುಟ್ಟು ಒಬ್ಬರೇ, ಹೊಳೆನರಸೀಪುರದ ಕಡೆಯ ಹಳೇಕೋಟೆಯಲ್ಲಿದ್ದ ಅಕ್ಕ. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ಅವರನ್ನು ಸೋದರಮಾವನಿಗೇ ಕೊಟ್ಟು ಊರಲ್ಲೇ ಉಳಿಸಿಕೊಂಡಿದ್ದರಿಂದ ಅಕ್ಕನ ಮನೆಯೇ ಅತ್ತೆಗೆ ತೌರು. ವರ್ಷಕ್ಕೊಂದು ಸಲ ಅತ್ತೆ ಅಲ್ಲಿಗೆ ಹೋಗುವುದು, ಒಂದು ಸಲ ದೊಡ್ಡಮ್ಮ ಇಲ್ಲಿಗೆ ಬರುವುದು. ಅತ್ತೆ ಬಿದ್ದ ಮೇಲೆ ಒಂದು ನಿಂತಿತು. ದೊಡ್ಡಮ್ಮನ ಕಣ್ಣು ಮಸುಕಾಗುತ್ತ ಬಂದ ಮೇಲೆ ಇನ್ನೊಂದೂ ನಿಂತಿತು.

ಒಂದು ಬೇಸಿಗೆಯಲ್ಲಿ ಹಳೇಕೋಟೆಯಿಂದ ಇನ್‌ಲ್ಯಾಂಡ್ ಲೆಟರ್ ಬಂತು. ದೊಡ್ಡಮ್ಮನ ಮೊಮ್ಮಗಳು ಬರೆದದ್ದು. ಓದಿ ಹೇಳಿದವಳು ನಾನು. ಅಜ್ಜಿಗೆ ಎರಡೂ ಕಣ್ಣು ಪೂರ್ತಿ ಹೋದವು, ಈಗ ಯಾರ ಕೈಯಾದರೂ ಹಿಡಿಯದೆ ಹೊಸಿಲು ದಾಟಲೂ ಹೆದರುತ್ತಾರೆ, ತಂಗಿಯ ಮುಖ ನೋಡುವ ಆಸೆ ಬಿಟ್ಟೆ, ಒಂದು ಸಲ ಬಂದು ಕೈ ಕೊಟ್ಟು ಹೋಗಲಿ ಎನ್ನುತ್ತಾರೆ ಎಂದಿತ್ತು. ಅತ್ತೆ ಇನ್ನೊಂದು ಸಲ ಓದಲು ಹೇಳಿದರು. ಮತ್ತೊಂದು ಸಲ. ಆಮೇಲೆ ಕಾಗದವನ್ನು ಇಸಕೊಂಡು ಮಡಿಸಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡರು.

ಅವರ ಇಬ್ಬರು ಗಂಡುಮಕ್ಕಳು, ಅಂದರೆ ನಮ್ಮ ಯಜಮಾನರು ಮತ್ತು ನನ್ನ ಮೈದುನ, ಮರುವಾರವೇ ಒಂದು ಪ್ಲಾನ್ ಮಾಡಿದರು. ಮರದ ಕುರ್ಚಿಗೆ ಬಿದಿರು ಕಟ್ಟಿ ನಾಲ್ಕು ಜನ ಹೊತ್ತು ಹಳ್ಳ ದಾಟಿಸುವುದು, ಆಚೆ ಟ್ಯಾಕ್ಸಿ ನಿಲ್ಲಿಸಿಕೊಂಡಿರುವುದು. ಕುರ್ಚಿ ಅಂಗಳ ದಾಟುವ ಮೊದಲೇ ಅತ್ತೆ ಕೋಲಿನಿಂದ ಮುಂದಿನವರ ಬೆನ್ನಿಗೆ ತಿವಿದರು.

"ಇಳ್ಸ್ರಲಾ ಕೆಳಕ್ಕೆ! ನಾಲ್ಕು ಜನದ ಯಗಲ ಮ್ಯಾಲೆ ಓಗೋ ಕಾಲ ಬಂದಾಗ ನಾನೇ ಸುಮ್ಕೆ ಮನಿಕಂಡು ಓಯ್ತೀನಿ. ಈಗ ಜೀವ ಅದೆ."

"ಹಳ್ಳದ ಗಂಟ ಅಷ್ಟೆ ಕಣವ್ವ," ಎಂದ ಮೈದುನ.

"ಮಣ್ಣಿಗೆ ಓಗೋರ್ನೂ ಹಳ್ಳದ ಗಂಟಾನೇ ಒತ್ಕಂಡು ಓಗೋದು. ಬಾಗ್ಲಿಗೆ ಬರೋ ಗಾಡಿ ತತ್ತೀರಾ, ಕುಂತ್ಕಂಡು ಬತ್ತೀನಿ. ಇಲ್ವಾ, ಆ ಕುರ್ಚಿ ಮ್ಯಾಲೆ ನೀನೇ ಕುಂತ್ಕ, ನಿನ್ನೆಂಡ್ರು ಒರ್ಲಿ."

ಕುರ್ಚಿಯನ್ನು ಪಡಸಾಲೆಗೆ ತಂದಿಟ್ಟರು. ಬಾಗಿಲಿಗೆ ಬರುವ ಗಾಡಿ ಎಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಗಾಡಿ, ಫೋರ್ ವೀಲ್ ಡ್ರೈವ್. ಗಂಡಸರಿಗೆ ಅದರ ಆಸೆ ಮೊದಲಿನಿಂದಲೂ ಇತ್ತು, ಈಗ ಕಾರಣ ಸಿಕ್ಕಿತು. ಯಜಮಾನರು ಹಾಸನಕ್ಕೆ ಹೋಗಿ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯನ್ನು ಕೇಳಿ ಬಂದರು. ಮಾರಾಟಕ್ಕೆ ಎರಡು ಗಾಡಿ ಇದ್ದವು. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರ ಬಳಿ ಒಂದು ಬಿಳಿಯದು, ಗೊರೂರಿನಲ್ಲಿ ಒಬ್ಬ ಕಂಟ್ರಾಕ್ಟರ್ ಬಳಿ ಒಂದು ಹಸಿರಿನದು.

ನಾನು ಒಂದು ಹೊಸ ನೋಟ್‌ಬುಕ್ ತೆಗೆದೆ. ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನಮ್ಮ ಮದರ್ ಪ್ರತಿ ಶುಕ್ರವಾರ ಕಾಂಪೊಸಿಷನ್ ಬರೆಸುತ್ತಿದ್ದರು, ಹೆಚ್ಚಾಗಿ ಕಂಪೇರ್ ಅಂಡ್ ಕಾಂಟ್ರಾಸ್ಟ್. ನದಿ ಮತ್ತು ರಸ್ತೆ, ಸೂರ್ಯ ಮತ್ತು ದೀಪ. ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದು ಎರಡು ಕಾಲಮ್ ಮಾಡಬೇಕು, ಎಡಕ್ಕೆ ಬರೆದ ಪ್ರತಿಯೊಂದಕ್ಕೂ ಬಲಕ್ಕೆ ಉತ್ತರ ಇರಬೇಕು. ಮದುವೆಯಾಗಿ ಇಪ್ಪತ್ತೈದು ವರ್ಷವಾದ ಮೇಲೆ ಆ ಗೆರೆಯನ್ನು ಮತ್ತೆ ಎಳೆಯುವಾಗ ಕೈಗೆ ಒಂದು ಬಗೆಯ ಸುಖವಾಯಿತು. ಹಾಸನದ ರದ್ದಿ ಅಂಗಡಿಯಲ್ಲಿ ಸಿಕ್ಕ ಇಂಗ್ಲಿಷ್ ಮೋಟಾರು ಪತ್ರಿಕೆಗಳಿಂದ ತಲೆಬರಹಗಳನ್ನು ಆರಿಸಿದೆ: ಗ್ರೌಂಡ್ ಕ್ಲಿಯರೆನ್ಸ್, ಟರ್ನಿಂಗ್ ಸರ್ಕಲ್, ಸೀಟಿಂಗ್, ರೈಡ್ ಅಂದರೆ ಗಾಡಿ ಎಷ್ಟು ಕುಲುಕುತ್ತದೆ ಎಂಬುದು. ಮೈದುನ ಬಗ್ಗಿ ನೋಡಿ, "ಅತ್ಗೆ, ಇದೇನ್ ಜಾತಕ ಒಂದಿಸ್ತಿದ್ದೀರಾ?" ಎಂದ.

ಮೊದಲು ಚನ್ನರಾಯಪಟ್ಟಣಕ್ಕೆ ಹೋದೆವು, ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಬಿಳಿ ಗಾಡಿ ಕೊಬ್ಬರಿ ಮಂಡಿಯ ಮುಂದೆ ನೆರಳಿನಲ್ಲಿ ನಿಂತಿತ್ತು. ಉದ್ದನೆಯದು, ಮೇಲೆ ಗಟ್ಟಿ ತಗಡಿನ ಮಾಡು, ಐದು ಬಾಗಿಲು, ಮುಂದಕ್ಕೆ ಮುಖ ಮಾಡಿದ ಸೀಟುಗಳು, ಕಿಟಕಿಗೆ ನೀಲಿ ಪರದೆ. ಹಿಂದಿನ ಚಕ್ರ ದಾಟಿ ಎರಡು ಮೂರು ಅಡಿ ಬಾಲ ಚಾಚಿತ್ತು. ಒಳಗೆ ಕೊಬ್ಬರಿಯ ಜಿಡ್ಡು ವಾಸನೆ. ಸ್ಟೀರಿಂಗ್ ಬೆರಳಲ್ಲಿ ತಿರುಗುತ್ತಿತ್ತು.

ವ್ಯಾಪಾರಿ ನನ್ನನ್ನೇ ಉದ್ದೇಶಿಸಿ ಹೇಳಿದರು: "ನಮ್ಮನೆಯೋರು ಇದ್ರಲ್ಲಿ ಕುಂತ್ಕಂಡು ಘಾಟಿ ಇಳ್ದು ಅತ್ತಿ ಬಂದವ್ರೆ ಕಣಮ್ಮ. ಸೀರೆ ನೆರಿಗೆ ಕೆಟ್ಟಿಲ್ಲ."

"ಹಾಗಾದ್ರೆ ಯಾಕೆ ಮಾರ್ತೀರಿ?" ಎಂದೆ.

"ಅದೇ ತೊಂದ್ರೆ. ದಿನಾ ಎಲ್ಲಿಗಾದ್ರೂ ಓಗಾನ ಅಂತಾರೆ."

ಸೀಟಿಂಗ್ ಎನ್ನುವ ಸಾಲಿನಲ್ಲಿ ಬಿಳಿಯದಕ್ಕೆ ಎಕ್ಸಲೆಂಟ್ ಎಂದು ಬರೆದುಕೊಂಡೆ.

ಗೊರೂರಿನ ಹಸಿರು ಜೀಪು ಡ್ಯಾಮಿನ ಕ್ವಾರ್ಟರ್ಸಿಗೆ ಹೋಗುವ ದಾರಿಯಲ್ಲಿ ಒಂದು ಹುಣಸೆಮರದ ಕೆಳಗಿತ್ತು. ಗಿಡ್ಡ, ಅಗಲ, ಮೇಲೆ ಕ್ಯಾನ್ವಾಸ್ ಹೊದಿಕೆ. ಹಿಂದೆ ಎದುರುಬದುರು ಎರಡು ಕಬ್ಬಿಣದ ಬೆಂಚು, ನಡುವೆ ಬರೀ ತಗಡು. ಕ್ಲಚ್ ಒತ್ತಬೇಕಾದರೆ ಎದ್ದು ನಿಲ್ಲಬೇಕು ಅನ್ನಿಸುವಷ್ಟು ಬಿಗಿ. ಹಿಂದೆ ಮೂರು ಕೋಳಿ ಕುಳಿತಿದ್ದವು. ಕಂಟ್ರಾಕ್ಟರು ಅವನ್ನು ಓಡಿಸಿ, ಬಗ್ಗಿ ನೋಡಿ, ಒಂದು ಮೊಟ್ಟೆ ಎತ್ತಿಕೊಂಡು ಜೇಬಿಗೆ ಹಾಕಿಕೊಂಡರು.

"ಅತ್ಗೆ, ಬರ್ಕಳಿ," ಎಂದ ಮೈದುನ. "ಮೈಲೇಜು ಲೀಟರಿಗೆ ಒಂದು ಮೊಟ್ಟೆ."

ತಮಾಷೆ ಮಾಡಿದವನು ಹತ್ತು ನಿಮಿಷದಲ್ಲೇ ಜೀಪಿಗೆ ಮನಸೋತಿದ್ದ. ಅದರ ಕೆಳಗೆ ಮಲಗಿ ಹಿಂದಿನ ಪಟ್ಟಿಗಳನ್ನು ಕೈಯಿಂದ ತಟ್ಟಿ ತಟ್ಟಿ ನೋಡಿದ. ಒಂದರ ಮೇಲೊಂದು ಪೇರಿಸಿದ ದಪ್ಪ ಉಕ್ಕಿನ ಪಟ್ಟಿಗಳು; ಗಾಡಿಯ ಭಾರವೆಲ್ಲ ಕೂರುವುದು ಅದರ ಮೇಲೆ. "ಏನ್ ಪಟ್ಟಿ ಕಣಣ್ಣೋ! ಆನೆ ನಿಲ್ಸಿದ್ರೂ ಜಗ್ಗಕಿಲ್ಲ," ಎಂದು ಕೆಳಗಿನಿಂದಲೇ ಕೂಗಿದ. ಯಜಮಾನರು ಎತ್ತಿನ ಹಲ್ಲು ನೋಡುವವರ ಹಾಗೆ ಬಾನೆಟ್ ಎತ್ತಿ ಒಳಗೆ ಇಣುಕಿ ತಲೆಯಾಡಿಸಿದರು. ಅವರಿಗೆ ಒಳಗಿನದು ಏನೂ ಗೊತ್ತಿಲ್ಲ ಎಂಬುದು ನನಗೆ ಗೊತ್ತಿತ್ತು.

ಪರೀಕ್ಷೆ ಭಾದ್ರಪದದಲ್ಲಿ, ಆಲೂಗಡ್ಡೆ ಕಿತ್ತು ಅಂಗಳದ ತುಂಬ ಮೂಟೆ ಕಟ್ಟಿಟ್ಟಿದ್ದಾಗ ನಡೆಯಿತು. ಸೋಮವಾರ ಬಿಳಿಯದು ಬಂತು. ಖಾಲಿ ಬಂದದ್ದು ಹಳ್ಳ ದಾಟಿ ದಿಬ್ಬವನ್ನೂ ಹತ್ತಿ ಅಂಗಳಕ್ಕೆ ಬಂದು ನಿಂತಿತು. ಅದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಖಾಲಿ ಬಂದದ್ದು ಬಂದ ಹಾಗಲ್ಲ. ಸೀಟು ಮಡಿಸಿ ಐವತ್ತು ಕಿಲೋದ ಹತ್ತು ಮೂಟೆ ತುಂಬಿದರು. ವ್ಯಾಪಾರಿಯ ಡ್ರೈವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಸಾ, ಇದು ಜನ ಕುಂತ್ಕಳೋ ಗಾಡಿ ಸಾ."

"ಆಲೂಗಡ್ಡೆ ಏನ್ ನಿಂತ್ಕಂಡವಾ?" ಎಂದ ಮೈದುನ.

ನಾನು ಮುಂದೆ ಕುಳಿತೆ. ಇಳಿಯುವಾಗ ಸರಿಯಿತ್ತು. ಹಳ್ಳ ದಾಟಿ ತಿರುಗಿಸಿಕೊಂಡು ವಾಪಸ್ಸು ದಿಬ್ಬಕ್ಕೆ ಮುಖ ಕೊಟ್ಟಾಗ ಹಿಂದಿನ ಬಾಲ ಭಾರಕ್ಕೆ ತಗ್ಗಿ ಕಲ್ಲಿಗೆ ಕೆರೆಯಿತು. ಸೈಲೆನ್ಸರ್ ಕೊಳವೆ ಮಣ್ಣಿಗೆ ಸಿಕ್ಕಿಕೊಂಡು ಕಿತ್ತುಬಂತು. ಗಾಡಿ ಅಲ್ಲೇ ನಿಂತಿತು. ಟ್ರಾಕ್ಟರ್ ತಂದು ಎಳೆದರು. ಡ್ರೈವರು ಸೈಲೆನ್ಸರನ್ನು ಮಗುವಿನ ಹಾಗೆ ತೋಳಲ್ಲಿ ಎತ್ತಿಕೊಂಡು, ನಮ್ಮ ಕಾಫಿಯನ್ನೂ ಕುಡಿಯದೆ, ಗುಡುಗುಡು ಸದ್ದು ಮಾಡುತ್ತ ಗಾಡಿ ಓಡಿಸಿಕೊಂಡು ಹೋದ.

ಗುರುವಾರ ಹಸಿರು ಜೀಪು ಬಂತು. ಅದೇ ಹತ್ತು ಮೂಟೆ. ನಾನು ಹಿಂದೆ ಮೂಟೆಗಳ ಮೇಲೆ ಒಂದು ದಿಂಬು ಹಾಕಿಕೊಂಡು ಕುಳಿತೆ. ಅತ್ತೆಯನ್ನು ಹಿಂದೆಯೇ ಹಾಸಿಗೆ ಹಾಸಿ ಕೂರಿಸಬೇಕಾಗಿತ್ತು, ಮುಂದಿನ ಸೀಟಿಗೆ ಕಾಲು ಮಡಿಸಿ ಹತ್ತಲು ಅವರಿಂದ ಆಗುತ್ತಿರಲಿಲ್ಲ. ಹೊರಡುವ ಮೊದಲು ಪಡಸಾಲೆಯಿಂದ ಅವರು ನನ್ನನ್ನು ಕರೆದರು.

"ನೀನು ಓದ್ದೋಳು. ಇವ್ರು ಗಂಡಸ್ರು ಎಂಗಿದ್ರೂ ಚೆಂದಾಗದೆ ಅಂತಾರೆ. ನೀನು ನೋಡಿ ಯೋಳು. ಎತ್ತಿ ಆಕ್ತದಾ?"

ಜೀಪು ಹಳ್ಳಕ್ಕೆ ಇಳಿಯಿತು, ದಾಟಿತು, ತಿರುಗಿತು, ಏರು ಹತ್ತಲೆಂದೇ ಇರುವ ಸಣ್ಣ ಗೇರು ಹಾಕಿಕೊಂಡು ದಿಬ್ಬ ಹತ್ತಿತು. ಪಟ್ಟಿಗಳು ಮೆಲ್ಲಗೆ ಜಗ್ಗಿ ಮೆಲ್ಲಗೆ ಏಳುತ್ತಿದ್ದವು. ದೋಣಿಯಲ್ಲಿ ಕೂತ ಹಾಗಿತ್ತು. ಮೈದುನ ಸ್ಟೀರಿಂಗ್ ಬಿಟ್ಟು ಚಪ್ಪಾಳೆ ತಟ್ಟಿದ. ನಾನು ನೋಟ್‌ಬುಕ್ಕಿನಲ್ಲಿ ರೈಡ್ ಎಂಬ ಸಾಲಿನಲ್ಲಿ ಹಸಿರಿನದಕ್ಕೆ ಸರ್‌ಪ್ರೈಸಿಂಗ್ಲಿ ಸ್ಮೂತ್ ಎಂದು ಬರೆದು, ಒಳಗೆ ಹೋಗಿ ಅತ್ತೆಗೆ ಹೇಳಿದೆ: "ತೊಟ್ಟಿಲು ಥರ ಇದೆ ಅತ್ತೆ."

ಅವರು ಅಷ್ಟೇ ಕೇಳಿದ್ದು. ಎಲೆಯಡಿಕೆ ಚೀಲದಿಂದ ಕಾಗದ ತೆಗೆದು, ದಸರಾ ಕಳೆದು ಬರುತ್ತೇನೆಂದು ಹಳೇಕೋಟೆಗೆ ಬರೆಯಲು ಹೇಳಿದರು. ನಾನು ಬರೆದೆ.

ಹಸಿರು ಜೀಪು ನಮ್ಮದಾಯಿತು. ಆಯುಧಪೂಜೆಗೆ ಕುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಆಲೂಗಡ್ಡೆಯೆಲ್ಲ ಅಷ್ಟರಲ್ಲಿ ಹಾಸನದ ಮಾರ್ಕೆಟ್ಟಿಗೆ ಹೋಗಿತ್ತು.

ದಸರಾ ಕಳೆದ ಮೊದಲ ಸೋಮವಾರ ಅತ್ತೆ ಕಂದು ಅಂಚಿನ ಹಸಿರು ಸೀರೆ ಉಟ್ಟರು. ಜೀಪಿನ ಹಿಂದೆ ಹಲಗೆ ಇಟ್ಟು ಅವರನ್ನು ಮೆಲ್ಲಗೆ ಹತ್ತಿಸಿ, ತಗಡಿನ ಮೇಲೆ ಎರಡು ಹಾಸಿಗೆ ಹಾಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆವು. ಮಡಿಲಲ್ಲಿ ಅಕ್ಕನಿಗೆಂದು ಮಾಡಿಸಿದ್ದ ಕಜ್ಜಾಯದ ಡಬ್ಬಿ. ಪಕ್ಕದಲ್ಲಿ ನಾನು. ಮುಂದೆ ಅಣ್ಣತಮ್ಮಂದಿರು.

ಅಂಗಳ ದಾಟಿ ಮೊದಲ ಕೊರಕಲಿಗೆ ಚಕ್ರ ಇಳಿದಾಗ ಜೀಪು ನಮ್ಮಿಬ್ಬರನ್ನೂ ಎತ್ತಿ ಬಿಸಾಡಿತು. ಡಬ್ಬಿ ಮುಚ್ಚಳ ಹಾರಿತು. ಎರಡನೆಯದಕ್ಕೆ ಅತ್ತೆ ನನ್ನ ತೋಳು ಹಿಡಿದುಕೊಂಡರು. ಹಳ್ಳದಲ್ಲಿ ಚಕ್ರಕ್ಕೆ ಸಿಕ್ಕ ಪ್ರತಿಯೊಂದು ಕಲ್ಲನ್ನೂ ಮೈಯಿಂದಲೇ ಎಣಿಸಬಹುದಾಗಿತ್ತು. ಅವರು ಕೂಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿಕೊಂಡಿದ್ದರು, ಕಣ್ಣಿನಿಂದ ನೀರು ಸುಮ್ಮನೆ ಇಳಿಯುತ್ತಿತ್ತು. ನಿಧಾನ, ನಿಧಾನ ಎಂದು ನಾನು ಕೂಗುತ್ತಿದ್ದೆ. ಮೈದುನ ನಡೆಯುವಷ್ಟು ನಿಧಾನಕ್ಕೇ ಓಡಿಸುತ್ತಿದ್ದ. ಟಾರ್ ರಸ್ತೆ ಕಾಣುವ ಹೊತ್ತಿಗೆ ಅತ್ತೆ ಸೆರಗು ತೆಗೆದು ಹೇಳಿದರು: "ತಿರುಗ್ಸು."

"ಇನ್ನೇನ್ ರೋಡ್ ಬಂತವ್ವ," ಎಂದರು ಯಜಮಾನರು.

"ರೋಡಲ್ಲೂ ಗುಂಡಿ ಅವೆ. ತಿರುಗ್ಸು ಮಗ."

ಮನೆಗೆ ಬಂದು ಅವರನ್ನು ಮಲಗಿಸಿ ಬಿಸಿನೀರಿನ ಶಾಖ ಕೊಟ್ಟೆ. ಅವರು ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದರು. "ತೊಟ್ಲು ಅಂದ್ಯಲ್ಲವ್ವ." ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ಬರೀ ಕೇಳಿದ ಹಾಗಿತ್ತು. ನಾನು ಸುಳ್ಳು ಹೇಳಿರಲಿಲ್ಲ. ಅದೇ ಜೀಪು, ಅದೇ ಹಳ್ಳ, ಓಡಿಸಿದವನೂ ಅದೇ ಮೈದುನ.

ಇಡೀ ವಾರ ಮನೆಯಲ್ಲಿ ಯಾರೂ ಜೀಪಿನ ವಿಷಯ ಎತ್ತಲಿಲ್ಲ. ಹಳೇಕೋಟೆಗೆ ಕಾಗದ ಬರೆಯಲು ಅತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿ ಕಣ್ಣು ಕಾಣದ ಒಬ್ಬರು ಪ್ರತಿ ಎಂಜಿನ್ ಸದ್ದಿಗೂ ಕಿವಿ ನಿಗುರಿಸಿ ಕೂತಿರುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಯಜಮಾನರು ಜೀಪನ್ನು ಹಾಸನಕ್ಕೆ ತೆಗೆದುಕೊಂಡು ಹೋದಾಗ ನಾನೂ ಹೋದೆ. ಮೇಸ್ತ್ರಿ ಪೂರ್ತಿ ಕಥೆ ಕೇಳಿದ. ಕೈಯಲ್ಲಿದ್ದ ಸ್ಪಾನರ್ ಕೆಳಗಿಟ್ಟು ಕೇಳಿದ: "ಖಾಲಿ ಓಡ್ಸಿ ನೋಡ್ಲಿಲ್ವಾ ಸಾ?"

"ಖಾಲಿ ಯಾರಾದ್ರೂ ನೋಡ್ತಾರೇನಯ್ಯ?" ಎಂದರು ಯಜಮಾನರು.

ಮೇಸ್ತ್ರಿ ನಗುವುದೋ ಬೇಡವೋ ಎಂದು ನನ್ನ ಮುಖ ನೋಡಿದ. ಆಮೇಲೆ ನಕ್ಕೇಬಿಟ್ಟ. "ಇದು ಮೂಟೆ ಗಾಡಿ ಸಾ. ಈ ಪಟ್ಟಿ ಅರ್ಧ ಟನ್ ಭಾರ ಬಿದ್ರೇನೇ ಜಗ್ಗೋದು. ನಿಮ್ಮ ತಾಯಿ ಎಷ್ಟು, ನಲವತ್ತು ಕೇಜಿ ಇದ್ದಾರಾ? ಅವರ ಭಾರಕ್ಕೆ ಇದು ಏನೂ ಹತ್ತೇ ಇಲ್ಲ ಅನ್ಕೊಳುತ್ತೆ. ಕಲ್ಲಿನ ಹಾಗೆ ನಿಂತ್ಕೊಳುತ್ತೆ. ಆ ಬಿಳೀದು ಸವಾರಿ ಗಾಡಿ. ಅದರ ಹಿಂದೆ ಪಟ್ಟಿ ಅಲ್ಲ, ಮೆತ್ತಗಿನ ಸ್ಪ್ರಿಂಗು. ಖಾಲಿ ಹತ್ತಿತ್ತಲ್ಲ ದಿಬ್ಬ?"

ಹತ್ತಿತ್ತು. ನಮ್ಮ ಕಣ್ಣೆದುರೇ ಹತ್ತಿ ಅಂಗಳದಲ್ಲಿ ಬಂದು ನಿಂತಿತ್ತು. ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೇ ಇರಲಿಲ್ಲ.

"ಆ ಬಿಳಿಯದು ಈಗ?" ಎಂದೆ.

"ಹೋಯ್ತಮ್ಮ, ಹೋದ ವಾರ. ಸೈಲೆನ್ಸರ್ ನಾನೇ ಹಾಕಿಕೊಟ್ಟೆ."

ಬೇಕಾದರೆ ನಾಲ್ಕು ಪಟ್ಟಿ ತೆಗೆದುಬಿಡುತ್ತೇನೆ, ಮೆತ್ತಗಾಗುತ್ತದೆ, ಆದರೆ ಆಮೇಲೆ ಭಾರ ಹಾಕುವಂತಿಲ್ಲ ಎಂದ. ಮನೆಗೆ ಬಂದು ಊಟದ ಹೊತ್ತಿಗೆ ಅಣ್ಣತಮ್ಮಂದಿರ ನಡುವೆ ಇದೇ ಚರ್ಚೆ ಎದ್ದಿತು. ಪಟ್ಟಿ ತೆಗೆಸಿದರೆ ಹೊಗೆಸೊಪ್ಪು ಹೇರುವುದು ಹೇಗೆ ಎಂದು ಮೈದುನ, ತೆಗೆಸದಿದ್ದರೆ ಅವ್ವ ಹೋಗುವುದು ಹೇಗೆ ಎಂದು ಯಜಮಾನರು. ಅತ್ತೆ ಕಂಬಕ್ಕೆ ಒರಗಿ ಕೂತು ಮುದ್ದೆ ಮುರಿಯುತ್ತಿದ್ದರು. ಮುರಿದ ತುತ್ತನ್ನು ಸಾರಿನಲ್ಲಿ ಅದ್ದಿಕೊಂಡು ನನ್ನನ್ನು ಕೇಳಿದರು.

"ಆವತ್ತು ನೀನು ಕುಂತಾಗ ಎಷ್ಟು ಮೂಟೆ ಇದ್ವು?"

"ಹತ್ತು. ಐವತ್ತು ಕಿಲೋದು."

"ಅಂಗಾದ್ರೆ ನೀನು ಯೋಳಿದ್ದು ದಿಟವೇ." ತುತ್ತು ನುಂಗಿ ಮಕ್ಕಳ ಕಡೆ ತಿರುಗಿದರು. "ಪಟ್ಟಿಗಿಟ್ಟಿ ಬುಡ್ರಲಾ. ಮೂಟೆ ಆಕಿ, ಮ್ಯಾಲೆ ನನ್ನ ಆಕಿ."

ಅಷ್ಟು ಓದಿದ ನನಗಾಗಲಿ, ಪಟ್ಟಿ ತಟ್ಟಿ ನೋಡಿದ ಮೈದುನನಿಗಾಗಲಿ, ಬಾನೆಟ್ ಎತ್ತಿ ನೋಡಿದ ಯಜಮಾನರಿಗಾಗಲಿ ಇದು ಹೊಳೆದಿರಲಿಲ್ಲ.

"ಆಲೂಗಡ್ಡೆ ಮಾರಾಯ್ತಲ್ಲವ್ವ. ಚೀಲಕ್ಕೆ ಮಣ್ಣು ತುಂಬ್ಸ್ತೀನಿ," ಎಂದ ಮೈದುನ.

"ಮಣ್ಣು ಒತ್ಕಂಡು ಯಾರ್ಲಾ ತೌರಿಗೆ ಓಗೋದು, ಬುದ್ಧಿಗೇಡಿ! ಕಣಜದಲ್ಲಿ ರಾಗಿ ಇಲ್ವಾ?"

ಗುರುವಾರ ಐದು ಕ್ವಿಂಟಾಲ್ ರಾಗಿ, ಮೂಟೆಗೊಂದು ಕ್ವಿಂಟಾಲಿನಂತೆ, ಜೀಪಿಗೆ ಹತ್ತಿತು. ಮೂಟೆಗಳ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಅತ್ತೆ, ಕ್ಯಾನ್ವಾಸಿಗೆ ತಲೆ ತಾಗುವಷ್ಟು ಎತ್ತರದಲ್ಲಿ. ಅವರನ್ನು ಅಲ್ಲಿಗೆ ಏರಿಸಲು ಅರ್ಧ ಗಂಟೆ ಹಿಡಿಯಿತು. ಹಳ್ಳದಲ್ಲಿ ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಸೆರಗು ಹೆಗಲ ಮೇಲೆಯೇ ಇತ್ತು. ಮಲ್ಲಿಪಟ್ಟಣ ದಾಟಿ ಅರಕಲಗೂಡು ಬರುವಷ್ಟರಲ್ಲಿ ಅವರು ರಸ್ತೆಬದಿಯ ಹೊಲಗಳಿಗೆ ಮಾರ್ಕ್ಸ್ ಹಾಕಲು ಶುರು ಮಾಡಿದ್ದರು. ಇವನ ರಾಗಿ ಪೈರು ಚೆನ್ನಾಗಿದೆ, ಇವನು ಕಳೆ ಕಿತ್ತಿಲ್ಲ, ಈ ತ್ವಾಟ ಯಾರದೋ ಹಾಳು ಬಿಟ್ಟವ್ರೆ. ಮೂರು ವರ್ಷದಿಂದ ನೋಡದೇ ಇದ್ದದ್ದನ್ನೆಲ್ಲ ನೋಡುತ್ತಿದ್ದರು. ಹೊಳೆನರಸೀಪುರದಲ್ಲಿ ಜೀಪು ನಿಲ್ಲಿಸಿ ಬಾಳೆಹಣ್ಣು, ಹೂವು ಕೊಂಡೆವು. ಹೂವಿನವಳು ಮೇಲೆ ನೋಡಿ, "ಅಜ್ಜಿ ಯಾಕೆ ಅಟ್ಟದ ಮ್ಯಾಲೆ ಕುಂತವ್ರೆ?" ಎಂದಳು. "ರಾಗಿ ಕಾಯ್ತಾವ್ನಿ," ಎಂದರು ಅತ್ತೆ.

ಹಳೇಕೋಟೆಯಲ್ಲಿ ಜೀಪು ನಿಂತಾಗ ದೊಡ್ಡಮ್ಮ ಜಗುಲಿಯ ಮೇಲೆ ಕೂತಿದ್ದರು. ಅತ್ತೆಯನ್ನು ಇಳಿಸಿ, ಇಬ್ಬರು ಹಿಡಿದು ನಡೆಸಿಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿದೆವು. ದೊಡ್ಡಮ್ಮ ಕೈ ಹಿಡಿದು, ಬೆರಳು ಒಂದೊಂದನ್ನೇ ಮುಟ್ಟಿ, ಮೊಣಕೈವರೆಗೆ ಸವರಿ ಹೇಳಿದರು.

"ಬಳೆ ಸಡ್ಲ ಆಗವೆ. ಇವ್ರು ಕೂಳು ಆಕ್ತಾರೋ ಇಲ್ವೋ?"

"ನೀನೇನ್ ದಪ್ಪ ಆಗಿದ್ದೀಯಾ? ಬುಡೇ," ಎಂದರು ಅತ್ತೆ. ಅಷ್ಟು ಹೇಳಿ ಅಳಲು ಶುರು ಮಾಡಿದರು. ನಾನು ಕಜ್ಜಾಯದ ಡಬ್ಬಿಯನ್ನು ಒಳಗಿಡುವ ನೆಪದಲ್ಲಿ ಎದ್ದು ಹೋದೆ.

ನಾನು ಹೊರಗೆ ಬರುವಷ್ಟರಲ್ಲಿ ದೊಡ್ಡಮ್ಮನ ಮಗ ಆಳುಗಳನ್ನು ಕರೆದು ಮೂಟೆ ಇಳಿಸಲು ಹಚ್ಚಿದ್ದರು. ಊರ ಮಗಳು ಮೂರು ವರ್ಷದ ಮೇಲೆ ತೌರಿಗೆ ಬರುವಾಗ ಐದು ಮೂಟೆ ರಾಗಿ ತಂದಿದ್ದಾರೆ ಎಂದು ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಮೈದುನ ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಅತ್ಗೆ, ಅದು ಕೊಡೋಕಲ್ಲ, ಗಾಡಿಗೆ ಭಾರಕ್ಕೆ ಅಂತ ಎಂಗೆ ಯೋಳದು? ವಾಪಸ್ ಓಗುವಾಗ ಅವ್ವನ್ನ ಯಾತ್ರ ಮ್ಯಾಲೆ ಕೂರ್ಸದು?" ನಾವು ಮೂವರೂ ಅತ್ತೆಯ ಮುಖ ನೋಡಿದೆವು. ಅವರು ನಮ್ಮನ್ನು ನೋಡಲಿಲ್ಲ. "ಒಳಕ್ಕೆ ಮಡಗ್ಸಪ್ಪ, ಇಲಿ ತಿಂದಾವು," ಎಂದು ಅಕ್ಕನ ಮಗನಿಗೆ ಹೇಳಿದರು.

ಗಂಡಸರು ಖಾಲಿ ಜೀಪಿನಲ್ಲಿ ಕುಲುಕಿಕೊಂಡು ಊರಿಗೆ ಹೋದರು. ಅತ್ತೆ ಮತ್ತು ನಾನು ಒಂಬತ್ತು ದಿನ ಅಲ್ಲಿದ್ದೆವು. ಅಕ್ಕತಂಗಿ ಇಬ್ಬರೂ ಬೆಳಗ್ಗೆ ಜಗುಲಿಯಲ್ಲಿ ಕೂತರೆ ಬಿಸಿಲು ಬರುವವರೆಗೆ ಏಳುತ್ತಿರಲಿಲ್ಲ. ಬೀದಿಯಲ್ಲಿ ಯಾರು ಹೋದರು, ಏನು ಉಟ್ಟಿದ್ದಾರೆ, ಯಾವ ಬಸುರಿಗೆ ಎಷ್ಟು ತಿಂಗಳು ಎಂಬುದನ್ನೆಲ್ಲ ಅತ್ತೆ ಹೇಳುವುದು, ಅವರ ಅತ್ತೆಮಾವಂದಿರ ಚರಿತ್ರೆಯನ್ನು ದೊಡ್ಡಮ್ಮ ಹೇಳುವುದು. ನನ್ನ ನೋಟ್‌ಬುಕ್ಕಿನ ಎರಡು ಕಾಲಮ್ಮುಗಳು ನೆನಪಾದವು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇತ್ತು.

ಹತ್ತನೆಯ ದಿನ ಜೀಪು ಬಂತು. ಅಷ್ಟರಲ್ಲಿ ಅತ್ತೆ ಅಕ್ಕನಿಗೆ ಗುಟ್ಟು ಹೇಳಿಬಿಟ್ಟಿದ್ದರು. ದೊಡ್ಡಮ್ಮ ಬಹಳ ಹೊತ್ತು ನಕ್ಕರಂತೆ. ಈಗ ಮಗನನ್ನು ಕರೆದು, ತಂಗಿಗೆ ನಾಲೆ ಬಯಲಿನ ಭತ್ತ ಎಂಟು ಮೂಟೆ ಹೇರಿಸು ಎಂದರು. ಬೀದಿಯವರು ಮತ್ತೆ ನಿಂತು ನೋಡಿದರು. ಹಾಸಿಗೆ ಹಾಸಿ ಅತ್ತೆಯನ್ನು ಮೇಲೆ ಕೂರಿಸಿದ್ದಾಯಿತು. ದೊಡ್ಡಮ್ಮ ಜಗುಲಿಯಿಂದ ಎದ್ದು, ಮೊಮ್ಮಗಳ ಕೈ ಹಿಡಿದುಕೊಂಡು ಜೀಪಿನ ಹತ್ತಿರ ಬಂದು, ತಗಡನ್ನೂ ಮೂಟೆಗಳನ್ನೂ ಕೈಯಲ್ಲಿ ಸವರಿ ನೋಡಿದರು.

"ಒಂದು ಮೂಟೆ ಇಳ್ಸಪ್ಪ," ಎಂದರು ಮಗನಿಗೆ. "ಅದ್ರ ಬದ್ಲು ನನ್ನ ಆಕು."

"ನಿಂಗೆ ಹೊಸಿಲು ದಾಟೋಕೇ ಭಯ ಅಂತೀಯಲ್ಲವ್ವ. ಅಲ್ಲಿ ಹಳ್ಳ ಅದೆ."

"ಅದು ಒಬ್ಳೇ ದಾಟೋವಾಗ."

ಒಂದು ಮೂಟೆ ಇಳಿಯಿತು. ಏಳು ಮೂಟೆ ಭತ್ತದ ಮೇಲೆ ಇಬ್ಬರು ಮುದುಕಿಯರು, ಕಾಲ ಬಳಿ ನಾನು. ಹೊಳೆನರಸೀಪುರ, ಅರಕಲಗೂಡು, ಮಲ್ಲಿಪಟ್ಟಣ. ದಾರಿಯುದ್ದಕ್ಕೂ ಅತ್ತೆ ಹೊಲಗಳನ್ನು ಹೇಳುತ್ತ ಬಂದರು, ದೊಡ್ಡಮ್ಮ ಹೂಂಗುಟ್ಟುತ್ತ ಬಂದರು. ಬಿಳಿ ಗಾಡಿ ಕೊಂಡಿದ್ದರೆ ಈ ಮೂಟೆಗಳ ಗೊಡವೆಯೇ ಇರುತ್ತಿರಲಿಲ್ಲ, ಅತ್ತೆ ಸೀಟಿನಲ್ಲಿ ಒರಗಿ ಹೋಗಿ ಒರಗಿ ಬರುತ್ತಿದ್ದರು ಎಂದು ನಾನು ಯೋಚಿಸುತ್ತಿದ್ದೆ. ಅದು ನಿಜ. ನಮ್ಮ ಆಯ್ಕೆ ತಪ್ಪೇ.

ಹಳ್ಳದ ನೀರಿನ ಸದ್ದು ಬಂದಾಗ ದೊಡ್ಡಮ್ಮ ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

"ನೀರು ದಾಟಿದ್ಮೇಲೆ ದಿಬ್ಬ ಬತ್ತದೆ," ಎಂದರು ಅತ್ತೆ. "ಗಟ್ಟಿಯಾಗಿ ಇಡ್ಕಬೇಕು."

"ನಿನ್ನೇ ಇಡ್ಕಂಡಿವ್ನಲ್ಲೇ. ಇನ್ಯಾರ್ನ ಇಡ್ಕಳ್ಳಿ?"

ಮೈದುನ ಸಣ್ಣ ಗೇರು ಹಾಕಿದ. ಪಟ್ಟಿಗಳು ಮೆಲ್ಲಗೆ ಜಗ್ಗಿದವು.